ಮ್ಯಾಚ್ ಆದ ರಕ್ತ, ಎಂಟನೇ ದಿನದ ಕಾಮಾಲೆ

ರಕ್ತ ಏರಿಸಿದಾಗ ಆಗುವ ರಿಯಾಕ್ಷನ್ ಅಂದರೆ ಎಲ್ಲರಿಗೂ ನೆನಪಾಗುವುದು ಚಳಿ, ನಡುಕ, ಮೈ ತುರಿಕೆ, ಏದುಸಿರು. ಬ್ಯಾಗ್ ಹಾಕಿದ ಮೊದಲ 15 ನಿಮಿಷ ಸಿಸ್ಟರ್ ರೋಗಿಯ ಪಕ್ಕದಲ್ಲೇ ಇರಬೇಕು ಅನ್ನುವುದು ಅದಕ್ಕೇ. ಆದರೆ ಬ್ಯಾಗ್ ಖಾಲಿಯಾಗಿ, ರೋಗಿ ಮನೆಗೆ ಹೋಗಿ, ಮತ್ತೆ ಅಡುಗೆಮನೆ ಸೇರಿದ ಮೇಲೆ ಶುರುವಾಗುವ ರಿಯಾಕ್ಷನ್ ಕೂಡ ಒಂದಿದೆ. ಅದು ಬಂದಾಗ ಯಾರೂ ಅದನ್ನು ಏರಿಸಿದ ರಕ್ತದ ಜೊತೆ ಜೋಡಿಸಿ ನೋಡುವುದಿಲ್ಲ. ಕಾಮಾಲೆ ಅಂತಾರೆ, ಇಲಿ ಜ್ವರ ಅಂತಾರೆ, ಮತ್ತೆ ರಕ್ತ ಕಡಿಮೆಯಾಗಿದೆ ಅಂತ ಇನ್ನೊಂದು ಬ್ಯಾಗ್ ಬರೆದುಕೊಡುತ್ತಾರೆ.

ನಮ್ಮ ಜಿಲ್ಲಾ ಮಟ್ಟದ ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಕಂಡ ಅಂಥದ್ದೊಂದು ಪ್ರಕರಣ ಇಲ್ಲಿದೆ. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಾರ್ಡಿನಲ್ಲಿ ಕೆಲಸ ಮಾಡುವ ಕಿರಿಯ ಡಾಕ್ಟರ್‌ಗಳು, ಸಿಸ್ಟರ್‌ಗಳು, ಲ್ಯಾಬ್ ಟೆಕ್ನಿಷಿಯನ್‌ಗಳು ಓದಲಿ ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ರಕ್ತ ಹಾಕಿಸಿದ್ದರೆ ನೀವೂ ಓದಿ.

ಹಿನ್ನೆಲೆ

ಮಲೆನಾಡಿನ ಹಳ್ಳಿಯೊಂದರ ಹೆಣ್ಣುಮಗಳು. ವಯಸ್ಸು ನಲವತ್ತರೊಳಗೆ. ಮೂರು ಮಕ್ಕಳ ತಾಯಿ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಮನೆಯಲ್ಲಿ ಯಾರೂ ಅಷ್ಟು ತಲೆಕೆಡಿಸಿಕೊಂಡಿರಲಿಲ್ಲ. ಆಕೆಯೂ ಹೇಳಿಕೊಂಡಿರಲಿಲ್ಲ. ನಾಟಿ ಸಮಯದಲ್ಲಿ ಗದ್ದೆಯಲ್ಲೇ ಕಣ್ಣು ಕತ್ತಲೆ ಬಂದು ಕುಸಿದ ಮೇಲೆ ಆಸ್ಪತ್ರೆಗೆ ಕರೆತಂದರು. ಹಿಮೋಗ್ಲೋಬಿನ್ 5.4 ಇತ್ತು.

ಗರ್ಭಕೋಶ ತೆಗೆಯುವ ಆಪರೇಷನ್ ಆಗಬೇಕು, ಆದರೆ 5.4 ಇಟ್ಟುಕೊಂಡು ಅರಿವಳಿಕೆ ಕೊಡಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಸ್ರಾವ ನಿಲ್ಲಿಸಲು ಮಾತ್ರೆ, ಜೊತೆಗೆ ಮೂರು ದಿನದಲ್ಲಿ ಮೂರು ಬ್ಯಾಗ್ ಕೆಂಪು ಕಣ ಕೊಡುವುದು ಅಂತಾಯಿತು. ಗ್ರೂಪ್ ಬಿ ಪಾಸಿಟಿವ್. ಮೂರೂ ಬ್ಯಾಗ್‌ಗಳನ್ನು ಜೆಲ್ ಕಾರ್ಡಿನಲ್ಲಿ, ಕೂಂಬ್ಸ್ ವಿಧಾನದಲ್ಲಿ ಕ್ರಾಸ್ ಮ್ಯಾಚ್ ಮಾಡಲಾಗಿತ್ತು, ಅಂದರೆ ಬ್ಯಾಗಿನ ಕಣಗಳನ್ನು ಆಕೆಯ ಪ್ಲಾಸ್ಮಾ (ರಕ್ತದ ದ್ರವ ಭಾಗ) ಜೊತೆ ಸೇರಿಸಿ ಅಂಟಿಕೊಳ್ಳುತ್ತವೆಯೇ ಅಂತ ನೋಡಲಾಗಿತ್ತು. ಮೂರರಲ್ಲೂ ಅಂಟಿನ ಸುಳಿವೇ ಇರಲಿಲ್ಲ. ಏರಿಸುವಾಗ ಜ್ವರ ಬರಲಿಲ್ಲ, ತುರಿಕೆ ಬರಲಿಲ್ಲ. ಹಿಮೋಗ್ಲೋಬಿನ್ 8.6ಕ್ಕೆ ಏರಿತು. ಒಂದು ಬ್ಯಾಗಿಗೆ ಸುಮಾರು ಒಂದು ಗ್ರಾಂ ಏರಬೇಕು ಅನ್ನುವ ಲೆಕ್ಕಕ್ಕೆ ಸರಿಯಾಗಿತ್ತು. ಸ್ರಾವವೂ ನಿಂತಿತ್ತು. ಆಪರೇಷನ್‌ಗೆ ಮೂರು ವಾರದ ನಂತರದ ದಿನ ಕೊಟ್ಟು, ಕಬ್ಬಿಣದ ಮಾತ್ರೆ ಬರೆದು ಮನೆಗೆ ಕಳಿಸಿದರು.

ಇಲ್ಲಿಯವರೆಗೆ ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆದಿತ್ತು. ಒಂದೇ ಒಂದು ಸಂಗತಿ ಗಮನಿಸಿ. ರಕ್ತ ಕೇಳಿ ವಾರ್ಡಿನಿಂದ ಬರುವ ರಿಕ್ವೆಸ್ಟ್ ಫಾರಂನಲ್ಲಿ ‘ಹಿಂದೆ ರಕ್ತ ಪಡೆದಿದ್ದಾರೆಯೇ?’ ಅನ್ನುವ ಕಾಲಂ ಇರುತ್ತದೆ. ಅದರಲ್ಲಿ ‘ಇಲ್ಲ’ ಅಂತ ಗೀಚಲಾಗಿತ್ತು. ಹೆರಿಗೆಗಳ ಕಾಲಂ ಖಾಲಿ ಬಿಟ್ಟಿದ್ದರು.

ಮನೆಗೆ ಹೋದ ಮೇಲೆ

ಕೊನೆಯ ಬ್ಯಾಗ್ ಆದ ಎಂಟನೇ ದಿನ ಜ್ವರ ಬಂತು. ಸಣ್ಣ ಜ್ವರ, ಸೊಂಟ ನೋವು, ಸುಸ್ತು. ಮಾರನೇ ದಿನ ಕಣ್ಣು ಹಳದಿಯಾಯಿತು. ಮೂತ್ರ ಕಾಫಿ ಡಿಕಾಕ್ಷನ್ ಥರ ಹೋಗ್ತಿತ್ತು ಅಂತ ಆಕೆ ಆಮೇಲೆ ನಮಗೆ ಹೇಳಿದರು.

ಕಾಮಾಲೆ ಅಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ನಾಟಿ ಔಷಧಿ. ಪಕ್ಕದ ಊರಿನವರೊಬ್ಬರ ಹತ್ತಿರ ಸೊಪ್ಪಿನ ರಸ ಕುಡಿಸಿದರು. ಉಪ್ಪು, ಎಣ್ಣೆ, ಖಾರ ಬಿಡಿಸಿದರು. ಎರಡು ದಿನ ಹೀಗೇ ಹೋಯಿತು. ನಾನು ಇದನ್ನು ಮನೆಯವರ ಮೇಲೆ ಹೊರಿಸುವುದಿಲ್ಲ. ಡಿಸ್ಚಾರ್ಜ್ ಮಾಡುವಾಗ ‘ರಕ್ತ ಹಾಕಿದ ಒಂದು ತಿಂಗಳೊಳಗೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಕೆಂಪಾದರೆ ಅಥವಾ ಕಪ್ಪಾದರೆ ಇಲ್ಲಿಗೇ ಬನ್ನಿ’ ಅಂತ ಯಾರಾದರೂ ಹೇಳಿದ್ದರೆ ಅವರು ಬರುತ್ತಿದ್ದರು. ಯಾರೂ ಹೇಳಿರಲಿಲ್ಲ.

ಸುಸ್ತು ಜಾಸ್ತಿಯಾದಾಗ ಹತ್ತಿರದ ಊರಿನ ಆಸ್ಪತ್ರೆಗೆ ತೋರಿಸಿದರು. ಮಳೆಗಾಲ, ಗದ್ದೆ ಕೆಲಸ ಮಾಡಿದ ಹೆಂಗಸು, ಜ್ವರ, ಕಾಮಾಲೆ, ಕಪ್ಪು ಮೂತ್ರ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಕೆಲಸ ಮಾಡಿದ ಯಾವ ಡಾಕ್ಟರ್ ಆದರೂ ಮೊದಲು ಇಲಿ ಜ್ವರ ಅಂತಲೇ ಯೋಚಿಸುತ್ತಾರೆ, ಯೋಚಿಸಲೂಬೇಕು. ತಡಮಾಡಿದರೆ ಪ್ರಾಣಕ್ಕೆ ಅಪಾಯ. ಆ್ಯಂಟಿಬಯಾಟಿಕ್ ಶುರುಮಾಡಿ, ಹಿಮೋಗ್ಲೋಬಿನ್ 5.1 ಇರುವುದನ್ನು ನೋಡಿ, ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಆ ಡಾಕ್ಟರ್ ಮಾಡಿದ್ದು ಸರಿಯಾಗಿಯೇ ಇತ್ತು.

ಆದರೆ ರಿಪೋರ್ಟುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇಲಿ ಜ್ವರಕ್ಕೆ ಹೊಂದದ ಸಂಗತಿಗಳಿದ್ದವು. ಕಣ್ಣು ಹಳದಿ ಮಾಡುವ ಬಿಲಿರುಬಿನ್ 6.2, ಅದರಲ್ಲಿ ಹೆಚ್ಚಿನ ಪಾಲು ಇನ್‌ಡೈರೆಕ್ಟ್, ಅಂದರೆ ಕೆಂಪು ಕಣ ಒಡೆದಾಗ ಏರುವ ಭಾಗ. ಇಲಿ ಜ್ವರದಲ್ಲಿ ಸಾಮಾನ್ಯವಾಗಿ ಏರುವುದು ಡೈರೆಕ್ಟ್ ಭಾಗ. ಪ್ಲೇಟ್‌ಲೆಟ್ ಕಡಿಮೆಯಾಗಿರಲಿಲ್ಲ. ಲಿವರ್ ಎನ್‌ಜೈಮ್‌ಗಳು ಹೆಚ್ಚುಕಡಿಮೆ ಸರಿಯಾಗಿದ್ದವು, ಕಣ ಒಡೆದಾಗ ಏರುವ ಎಲ್‌ಡಿಎಚ್ ಮಾತ್ರ ತುಂಬಾ ಏರಿತ್ತು. ಎಲ್ಲಕ್ಕಿಂತ ದೊಡ್ಡದು ಹಿಮೋಗ್ಲೋಬಿನ್ ಲೆಕ್ಕ. 8.6 ಇದ್ದದ್ದು 5.1 ಆಗಿದೆ, ಆದರೆ ಸ್ರಾವ ಒಂದು ತೊಟ್ಟೂ ಇಲ್ಲ. ಮೂರು ಬ್ಯಾಗಿನಿಂದ ಏರಿದ್ದಷ್ಟೂ ಇಳಿದಿದೆ. ಮೊದಲಿದ್ದ ಜಾಗಕ್ಕೇ ಬಂದು ನಿಂತಿದೆ.

ಈ ಲೆಕ್ಕವನ್ನು ಹಾಕಲು ಯಾವ ದುಬಾರಿ ಮಷಿನ್ನೂ ಬೇಡ. ಹಳೆಯ ಚೀಟಿ ಮತ್ತು ಹೊಸ ಚೀಟಿ ಪಕ್ಕಪಕ್ಕ ಇಟ್ಟರೆ ಸಾಕು. ಆದರೆ ಆಕೆ ಮೊದಲು ದಾಖಲಾಗಿದ್ದು ಹೆಂಗಸರ ವಾರ್ಡಿನಲ್ಲಿ, ಈಗ ಬಂದದ್ದು ಮೆಡಿಸಿನ್ ವಾರ್ಡಿಗೆ. ಹಳೆಯ ಫೈಲ್ ಇನ್ನೊಂದು ಮಹಡಿಯಲ್ಲಿತ್ತು.

ರಾತ್ರಿ ಬಂದ ರಿಕ್ವೆಸ್ಟ್

ರಾತ್ರಿ ವಾರ್ಡಿನಿಂದ ಎರಡು ಬ್ಯಾಗ್ ಬಿ ಪಾಸಿಟಿವ್ ಕೇಳಿ, ಅರ್ಜೆಂಟ್ ಅಂತ ಬರೆದ ಫಾರಂ ಬಂತು. ಕಾರಣ: ತೀವ್ರ ರಕ್ತಹೀನತೆ, ಇಲಿ ಜ್ವರದ ಶಂಕೆ. ಹಿಂದೆ ರಕ್ತ ಪಡೆದಿದ್ದಾರೆಯೇ ಅನ್ನುವ ಕಾಲಂನಲ್ಲಿ ಏನೂ ಇರಲಿಲ್ಲ.

ಡ್ಯೂಟಿಯಲ್ಲಿದ್ದ ಟೆಕ್ನಿಷಿಯನ್ ಎರಡು ಬ್ಯಾಗ್ ತೆಗೆದು ಕ್ರಾಸ್ ಮ್ಯಾಚ್ ಹಾಕಿದರು. ಎರಡಕ್ಕೂ ಅಂಟು ಬಂತು. ಜೆಲ್ ಕಾರ್ಡಿನಲ್ಲಿ ಮ್ಯಾಚ್ ಆದ ಕೆಂಪು ಕಣಗಳು ನಳಿಗೆಯ ತಳಕ್ಕೆ ಇಳಿದು ಪುಟ್ಟ ಗುಂಡಿಯ ಹಾಗೆ ಕೂರುತ್ತವೆ. ಮ್ಯಾಚ್ ಆಗದಿದ್ದರೆ ಜೆಲ್‌ನ ಮೇಲೆ ಅಥವಾ ನಡುವೆ ಸಿಕ್ಕಿಕೊಂಡು ನಿಲ್ಲುತ್ತವೆ. ಇನ್ನೆರಡು ಬ್ಯಾಗ್ ಹಾಕಿದರು. ಅವೂ ಅಷ್ಟೇ. ಜೊತೆಗೆ ಆಕೆಯದೇ ಕಣ, ಆಕೆಯದೇ ಪ್ಲಾಸ್ಮಾ ಹಾಕಿ ನೋಡುವ ಆಟೋ ಕಂಟ್ರೋಲ್ ಕೂಡ ಸಣ್ಣಗೆ ಪಾಸಿಟಿವ್ ಬಂತು.

ಮಧ್ಯರಾತ್ರಿ, ವಾರ್ಡಿನಿಂದ ಮೇಲಿಂದ ಮೇಲೆ ಫೋನ್. ಇಂಥ ಹೊತ್ತಲ್ಲಿ ಇದ್ದದ್ದರಲ್ಲಿ ಕಡಿಮೆ ಅಂಟು ಬಂದ ಬ್ಯಾಗನ್ನೇ ಕೊಟ್ಟುಬಿಡೋಣ ಅನ್ನಿಸುವುದು ಸಹಜ. ಈ ಟೆಕ್ನಿಷಿಯನ್ ಹಾಗೆ ಮಾಡಲಿಲ್ಲ. ಹೆಸರು, ವಯಸ್ಸು, ಊರು ನೋಡಿ ಹಿಂದಿನ ಇಶ್ಯೂ ರಿಜಿಸ್ಟರ್ ತಿರುವಿದರು. ಸಿಕ್ಕಿತು. ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಮೇಡಂ, ಎರಡು ವಾರದ ಹಿಂದೆ ಇದೇ ಪೇಶೆಂಟ್‌ಗೆ ಮೂರು ಬ್ಯಾಗ್ ಕ್ಲೀನಾಗಿ ಮ್ಯಾಚ್ ಆಗಿದೆ. ಇವತ್ತು ನಾಲ್ಕಕ್ಕೂ ಅಂಟು ಬರ್ತಿದೆ."

ಇಡೀ ಪ್ರಕರಣ ತಿರುಗಿದ್ದು ಈ ಎರಡು ವಾಕ್ಯದಲ್ಲಿ. ಎರಡು ವಾರದಲ್ಲಿ ಒಬ್ಬರ ರಕ್ತದಲ್ಲಿ ಹೊಸ ಆ್ಯಂಟಿಬಾಡಿ (ಹೊರಗಿನದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನ್) ಕಾಣಿಸಿಕೊಂಡಿದೆ ಅಂದರೆ, ನಡುವೆ ಕೊಟ್ಟ ರಕ್ತವೇ ಅದನ್ನು ಎಬ್ಬಿಸಿರುವ ಸಾಧ್ಯತೆ ಹೆಚ್ಚು. ಕಾಮಾಲೆ, ಕಪ್ಪು ಮೂತ್ರ, ಇಳಿದ ಹಿಮೋಗ್ಲೋಬಿನ್ ಮೂರೂ ಒಂದೇ ದಾರಕ್ಕೆ ಬಂದವು. ದಾನಿಯ ಕೆಂಪು ಕಣಗಳನ್ನು ಆಕೆಯ ದೇಹ ಒಡೆದುಹಾಕುತ್ತಿತ್ತು. ಇದನ್ನು ತಡವಾಗಿ ಬರುವ ಹಿಮೋಲಿಟಿಕ್ ರಿಯಾಕ್ಷನ್ ಅನ್ನುತ್ತಾರೆ. ರಕ್ತ ಕೊಟ್ಟ 24 ಗಂಟೆಯಿಂದ 28 ದಿನದೊಳಗೆ ಯಾವಾಗ ಬೇಕಾದರೂ ಬರಬಹುದು.

ಅದೇ ರಾತ್ರಿ ವಾರ್ಡಿಗೆ ಮೂರು ಮಾತು ಹೇಳಿದೆವು. ಬ್ಯಾಗ್ ಸದ್ಯಕ್ಕೆ ಬೇಡ. ಡ್ರಿಪ್ ಹಾಕಿ, ಮೂತ್ರದ ಪ್ರಮಾಣ ಗಂಟೆಗಂಟೆಗೂ ಅಳೆಯಿರಿ, ಕಣ ಒಡೆದಾಗ ಪೆಟ್ಟು ಬೀಳುವುದು ಕಿಡ್ನಿಗೆ. ಮತ್ತೆ ಹೊಸ ಸ್ಯಾಂಪಲ್ ಕಳಿಸಿ, ಸ್ಮಿಯರ್ (ಗಾಜಿನ ಮೇಲೆ ಹರಡಿದ ರಕ್ತ) ಮೈಕ್ರೋಸ್ಕೋಪಿನಲ್ಲಿ ನೋಡೋಣ. ಇಲಿ ಜ್ವರದ ಔಷಧಿ ನಿಲ್ಲಿಸಲು ಹೇಳಲಿಲ್ಲ. ಅದರ ರಿಪೋರ್ಟ್ ಬರುವವರೆಗೆ ಮುಂದುವರಿಸುವುದರಲ್ಲಿ ನಷ್ಟವಿರಲಿಲ್ಲ. ಆಮೇಲೆ ಅದು ನೆಗೆಟಿವ್ ಬಂತು.

ಸ್ಟೀರಾಯ್ಡ್ ಕೊಡಬೇಕಾ?

ಬೆಳಿಗ್ಗೆ ಸ್ಮಿಯರ್‌ನಲ್ಲಿ ದುಂಡಗೆ, ನಡುವಿನ ತಿಳಿಬಣ್ಣ ಕಳೆದುಕೊಂಡ ಸ್ಫೆರೋಸೈಟ್‌ಗಳು ಕಂಡವು, ಕಣ ಒಡೆಯುತ್ತಿರುವುದಕ್ಕೆ ಅದೊಂದು ಸುಳಿವು. ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಪಾಸಿಟಿವ್ ಬಂತು. ಅಂದರೆ ಮೈಯಲ್ಲಿ ಓಡಾಡುತ್ತಿರುವ ಕೆಂಪು ಕಣಗಳ ಮೇಲೇ ಆ್ಯಂಟಿಬಾಡಿ ಅಂಟಿದೆ. 1945ರಲ್ಲಿ ಬಂದ ಈ ಟೆಸ್ಟ್ ಇವತ್ತಿಗೂ ನಮ್ಮ ಕೆಲಸದ ಬೆನ್ನೆಲುಬು.

ಇಲ್ಲಿ ಇನ್ನೊಂದು ಕವಲು ಬಂತು. ಮೆಡಿಸಿನ್ ವಾರ್ಡಿನ ಡಾಕ್ಟರ್ ಕೇಳಿದರು: "ಕೂಂಬ್ಸ್ ಪಾಸಿಟಿವ್, ಆಟೋ ಕಂಟ್ರೋಲ್ ಪಾಸಿಟಿವ್. ಆಟೋಇಮ್ಯೂನ್ ಇರಬೇಕಲ್ವಾ? ಸ್ಟೀರಾಯ್ಡ್ ಶುರುಮಾಡಲಾ?"

ಪ್ರಶ್ನೆ ಸರಿಯಾದದ್ದೇ. ತನ್ನದೇ ಕಣವನ್ನು ದೇಹ ಒಡೆದುಕೊಳ್ಳುವ ಕಾಯಿಲೆಯಲ್ಲೂ ಇದೇ ಚಿತ್ರ ಕಾಣುತ್ತದೆ. ಅದಕ್ಕೆ ಸ್ಟೀರಾಯ್ಡ್ ಬೇಕು, ತಿಂಗಳುಗಟ್ಟಲೆ ಬೇಕಾಗಬಹುದು. ಆದರೆ ಎರಡು ಸುಳಿವು ಬೇರೆ ಕಡೆ ಕೈ ತೋರಿಸುತ್ತಿದ್ದವು. ಜೆಲ್ ಕಾರ್ಡಿನಲ್ಲಿ ಕಣಗಳು ಎರಡು ಗುಂಪಾಗಿ ನಿಂತಿದ್ದವು, ಒಂದಿಷ್ಟು ಮೇಲೆ ಅಂಟಿಕೊಂಡು, ಉಳಿದವು ತಳಕ್ಕೆ ಇಳಿದು. ಆಕೆಯ ಸ್ವಂತ ಕಣಗಳ ಮೇಲೆ ಆ್ಯಂಟಿಬಾಡಿ ಇದ್ದಿದ್ದರೆ ಹೀಗೆ ಎರಡು ಪಾಲಾಗುತ್ತಿರಲಿಲ್ಲ. ಮೇಲೆ ನಿಂತವು ಇನ್ನೂ ಉಳಿದುಕೊಂಡ ದಾನಿಯ ಕಣಗಳು, ಕೆಳಗಿಳಿದವು ಆಕೆಯವು. ಎರಡನೆಯದು, ಹಿಮೋಗ್ಲೋಬಿನ್ ಮೊದಲಿನ ಮಟ್ಟಕ್ಕೆ ಬಂದು ನಿಂತಿತ್ತು, ಅಂದರೆ ಒಡೆದದ್ದು ಹೆಚ್ಚಾಗಿ ಏರಿಸಿದ ಕಣಗಳೇ.

ಆ್ಯಂಟಿಬಾಡಿ ಯಾವುದು ಅಂತ ಗೊತ್ತಾಗುವವರೆಗೆ ಸ್ಟೀರಾಯ್ಡ್ ಬೇಡ ಅಂತ ನಿರ್ಧಾರವಾಯಿತು. ಆ್ಯಂಟಿಬಾಡಿ ಗುರುತಿಸುವ ಪ್ಯಾನೆಲ್ ಕಣಗಳು, ಅಂದರೆ ಯಾವ ಯಾವ ರಕ್ತ ಗುಂಪಿನವು ಅಂತ ಮೊದಲೇ ಗೊತ್ತಿರುವ ಕಣಗಳ ಸೆಟ್, ನಮ್ಮಲ್ಲಿ ಇರಲಿಲ್ಲ. ಅವುಗಳ ಆಯಸ್ಸು ಕಡಿಮೆ, ಬೆಲೆ ಜಾಸ್ತಿ, ಚಿಕ್ಕ ಬ್ಲಡ್ ಬ್ಯಾಂಕುಗಳು ಇಟ್ಟುಕೊಳ್ಳುವುದು ಕಷ್ಟ. ದೊಡ್ಡ ಊರಿನ ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಫೋನ್ ಮಾಡಿ, ಸ್ಯಾಂಪಲ್ ಕಳಿಸುವ ವ್ಯವಸ್ಥೆ ಮಾಡಿದೆವು.

ಅಷ್ಟರಲ್ಲಿ ಫ್ರಿಜ್‌ನಲ್ಲಿದ್ದ ಉಳಿದ ಬಿ ಪಾಸಿಟಿವ್ ಬ್ಯಾಗ್‌ಗಳನ್ನೂ ಕ್ರಾಸ್ ಮ್ಯಾಚ್ ಹಾಕಿದೆವು. ಒಟ್ಟು ಹದಿನಾರರಲ್ಲಿ ಐದಕ್ಕೆ ಅಂಟು ಬರಲಿಲ್ಲ. ಆ ಐದನ್ನು ಬೇರೆ ಇಟ್ಟೆವು. ಬ್ಯಾಗಿನ ಟ್ಯೂಬಿನಲ್ಲಿ ಸೀಲ್ ಮಾಡಿಟ್ಟಿರುವ ಪುಟ್ಟ ತುಂಡುಗಳನ್ನು ಕತ್ತರಿಸಿ, ನಂಬರ್ ಹಚ್ಚಿ, ಆಕೆಯ ಸ್ಯಾಂಪಲ್ ಜೊತೆಗೇ ಥರ್ಮೋಕೋಲ್ ಡಬ್ಬಿಗೆ ಹಾಕಿದೆವು. ಐಸ್ ಪ್ಯಾಕ್ ಸ್ಯಾಂಪಲ್‌ಗೆ ತಾಗಬಾರದು, ತಾಗಿದರೆ ಕಣ ಅಲ್ಲೇ ಒಡೆಯುತ್ತವೆ. ಹಾಗಾಗಿ ನಡುವೆ ಹತ್ತಿ ಮತ್ತು ಪೇಪರ್ ತುಂಬಿದೆವು. ಆಕೆಯ ತಮ್ಮ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟರು.

ಕಾಯುವುದೋ, ಕೊಡುವುದೋ

ಐದು ಬ್ಯಾಗ್ ಮ್ಯಾಚ್ ಆಗಿರುವ ಸುದ್ದಿ ಆಕೆಯ ಗಂಡನಿಗೆ ಸಿಸ್ಟರ್‌ಗಳಿಂದ ಗೊತ್ತಾಯಿತು. ಅವರು ನೇರವಾಗಿ ಬ್ಲಡ್ ಬ್ಯಾಂಕಿಗೇ ಬಂದರು. ಸಿಟ್ಟು, ಭಯ ಎರಡೂ ಇತ್ತು.

"ಮೊದಲು ಕೆಟ್ಟ ರಕ್ತ ಕೊಟ್ಟು ಕಾಮಾಲೆ ಬರಿಸಿದ್ರಿ. ಈಗ ರಕ್ತ ಇಟ್ಕೊಂಡು ಕೊಡಲ್ಲ ಅಂತೀರಲ್ಲ ಮೇಡಂ?"

ಈ ಮಾತಿಗೆ ಉತ್ತರ ಕೊಡಲು ಸಮಯ ತೆಗೆದುಕೊಳ್ಳಲೇಬೇಕು. ಬಾಗಿಲಲ್ಲಿ ನಿಲ್ಲಿಸಿ ಎರಡು ಮಾತು ಹೇಳಿ ಕಳಿಸಿದರೆ ಅನುಮಾನ ಗಟ್ಟಿಯಾಗುತ್ತದೆ. ಕೂರಿಸಿ ಹೇಳಿದೆವು. ಬ್ಯಾಗ್‌ಗಳಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಐದೂ ಪರೀಕ್ಷೆ ಆಗಿವೆ. ರಕ್ತದಿಂದ ಹೆಪಟೈಟಿಸ್ ಬಿ ಬಂದಿದ್ದರೆ ಕಾಮಾಲೆ ಕಾಣಲು ವಾರಗಳು, ತಿಂಗಳುಗಳು ಬೇಕು, ಎಂಟು ದಿನದಲ್ಲಿ ಬರುವುದಿಲ್ಲ. ಆ ರಕ್ತ ಕೆಟ್ಟದ್ದಲ್ಲ, ಇನ್ನೊಬ್ಬರಿಗೆ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಿಮ್ಮ ಮನೆಯವರಿಗೆ ಮಾತ್ರ ಹೊಂದುತ್ತಿಲ್ಲ. ಯಾಕೆ ಅಂತ ನಾಳೆ ಸಂಜೆಯೊಳಗೆ ಗೊತ್ತಾಗುತ್ತದೆ. ಗೊತ್ತಾಗುವ ಮೊದಲು ಕೊಟ್ಟರೆ ಅದೂ ಒಡೆದುಹೋಗಬಹುದು, ಕಿಡ್ನಿಗೂ ಹೊಡೆತ ಬೀಳಬಹುದು.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. 5.1 ಹಿಮೋಗ್ಲೋಬಿನ್ ಇಟ್ಟುಕೊಂಡು ಕಾಯುವುದು ಯಾರಿಗೂ ಹಗುರವಾದ ನಿರ್ಧಾರವಲ್ಲ. ಆಕೆಯ ನಾಡಿ 104, ಬಿಪಿ ಸರಿಯಾಗಿತ್ತು, ಮಲಗಿದಾಗ ಏದುಸಿರು ಇರಲಿಲ್ಲ, ಎದೆನೋವು ಇರಲಿಲ್ಲ, ಇಸಿಜಿ ಸರಿಯಾಗಿತ್ತು. ಎರಡು ವರ್ಷದಿಂದ ಕಡಿಮೆ ರಕ್ತದಲ್ಲೇ ಬದುಕಿದ ದೇಹ, ಸ್ವಲ್ಪ ಹೊಂದಿಕೊಂಡಿತ್ತು. ವಾರ್ಡ್ ಮತ್ತು ಬ್ಲಡ್ ಬ್ಯಾಂಕ್ ಸೇರಿ ಒಂದು ಗೆರೆ ಹಾಕಿಕೊಂಡೆವು: ಹಿಮೋಗ್ಲೋಬಿನ್ 4.5ಕ್ಕಿಂತ ಕೆಳಗೆ ಹೋದರೆ, ಅಥವಾ ಎದೆನೋವು, ಏದುಸಿರು, ಮಂಪರು ಬಂದರೆ, ಆ ಐದರಲ್ಲಿ ಒಂದನ್ನು ನಿಧಾನವಾಗಿ, ಪಕ್ಕದಲ್ಲೇ ನಿಂತು ಕೊಡುವುದು. ಆರು ಗಂಟೆಗೊಮ್ಮೆ ಹಿಮೋಗ್ಲೋಬಿನ್ ನೋಡುವುದು. ಇದನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟದ್ದರಿಂದ ಡ್ಯೂಟಿ ಬದಲಾದಾಗಲೂ ಗೊಂದಲ ಆಗಲಿಲ್ಲ. ಆ್ಯಂಟಿಬಾಡಿ ಇದೆ ಅಂತ ಹೆದರಿ ಸಾಯುವ ಸ್ಥಿತಿಯಲ್ಲೂ ರಕ್ತ ಕೊಡದೆ ಇರುವುದು ಇದಕ್ಕಿಂತ ದೊಡ್ಡ ಅಪಾಯ. ಅದಕ್ಕೇ ಗೆರೆಯನ್ನು ಮೊದಲೇ ಹಾಕಿಕೊಳ್ಳಬೇಕು.

ಪ್ಲಾಸ್ಟಿಕ್ ಕವರಿನಲ್ಲಿದ್ದ ಚೀಟಿ

ಈ ನಡುವೆ ಒಂದು ಪ್ರಶ್ನೆ ಉಳಿದಿತ್ತು. ದೇಹ ಹೊಸದಾಗಿ ಒಂದು ಆ್ಯಂಟಿಬಾಡಿ ಮಾಡಲು ಸಾಮಾನ್ಯವಾಗಿ ವಾರಗಳು ಬೇಕು, ಎಷ್ಟೋ ಸಲ ತಿಂಗಳುಗಳು. ಎಂಟು ದಿನದಲ್ಲಿ ಇಷ್ಟು ಜೋರಾಗಿ ಬಂದಿದೆ ಅಂದರೆ ಇದು ಎರಡನೇ ಭೇಟಿ. ದೇಹ ಈ ಮೊದಲೇ ಎಲ್ಲೋ ಆ ಆ್ಯಂಟಿಜೆನ್ (ಆ್ಯಂಟಿಬಾಡಿ ಹಿಡಿಯುವ, ಕಣದ ಮೇಲಿನ ಗುರುತು) ನೋಡಿದೆ, ನೆನಪಿಟ್ಟುಕೊಂಡಿದೆ.

ಆಕೆಯನ್ನು ಮತ್ತೆ ಕೇಳಿದೆವು. "ಮೊದಲು ಯಾವತ್ತಾದ್ರೂ ರಕ್ತ ಹಾಕಿದ್ರಾ ಅಮ್ಮ?" ಇಲ್ಲ ಅಂದರು. ಗಂಡನೂ ಇಲ್ಲ ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳುವ ರೀತಿ ಬದಲಿಸಿದಾಗ ಉತ್ತರ ಬಂತು. ಒಂದೊಂದು ಹೆರಿಗೆಯ ಬಗ್ಗೆಯೂ ಬೇರೆ ಬೇರೆ ಕೇಳಿದೆವು. ಎಲ್ಲಿ ಆಯಿತು, ಎಷ್ಟು ದಿನ ಇದ್ರಿ, ಹೆರಿಗೆ ಆದ ಮೇಲೆ ಜಾಸ್ತಿ ರಕ್ತ ಹೋಯ್ತಾ, ಕೈಗೆ ಕೆಂಪು ಬಾಟ್ಲಿ ಹಾಕಿದ್ರಾ? ಆಗ ಅತ್ತೆ ಪಕ್ಕದಿಂದ ಹೇಳಿದರು: "ಕಿರಿಯವನು ಹುಟ್ಟಿದಾಗ ಇವಳಿಗೆ ಜ್ಞಾನವೇ ಇರಲಿಲ್ಲ. ಎರಡು ಬಾಟ್ಲಿ ಹಾಕಿದ್ರು. ಇವಳಿಗೆ ಎಲ್ಲಿ ಗೊತ್ತಾಗಬೇಕು?"

ಮಾರನೇ ದಿನ ಮನೆಯಿಂದ ಒಂದು ಪ್ಲಾಸ್ಟಿಕ್ ಕವರ್ ಬಂತು. ರೇಷನ್ ಕಾರ್ಡ್, ತಾಯಿ ಕಾರ್ಡ್, ಮಕ್ಕಳ ಲಸಿಕೆ ಚೀಟಿಗಳ ಜೊತೆ ಮಡಿಚಿಟ್ಟ ಹಳೆಯ ಡಿಸ್ಚಾರ್ಜ್ ಚೀಟಿ. ಹನ್ನೊಂದು ವರ್ಷ ಹಳೆಯದು. ಹೆರಿಗೆ ನಂತರದ ಸ್ರಾವ, ಎರಡು ಬ್ಯಾಗ್ ರಕ್ತ ಕೊಡಲಾಗಿದೆ ಅಂತ ಒಂದೇ ಸಾಲು. ಆಗ ಗಂಡ ಕೆಲಸಕ್ಕೆ ಬೇರೆ ಊರಿನಲ್ಲಿದ್ದರು. ಅವರಿಗೂ ಗೊತ್ತಿರಲಿಲ್ಲ.

ಹಾಗಾಗಿ ಫಾರಂ ತುಂಬುವಾಗ ‘ರಕ್ತ ಹಾಕಿದ್ರಾ’ ಅಂತ ಒಂದು ಸಲ ಕೇಳಿ ಬಿಟ್ಟರೆ ಸಾಲದು. ಹೆರಿಗೆಯ ಹೊತ್ತಲ್ಲಿ ರಕ್ತ ಪಡೆದ ಎಷ್ಟೋ ಹೆಂಗಸರಿಗೆ ಅದು ನೆನಪಿರುವುದಿಲ್ಲ. ಜೊತೆಗಿದ್ದವರಿಗೆ ನೆನಪಿರುತ್ತದೆ. ತಾಯಿಯನ್ನು, ಅತ್ತೆಯನ್ನು, ಅಕ್ಕನನ್ನು ಕೇಳಬೇಕು. ಗರ್ಭಿಣಿಯಾಗಿದ್ದಾಗ ಮಗುವಿನ ಕಣಗಳಿಂದಲೂ ತಾಯಿಯಲ್ಲಿ ಆ್ಯಂಟಿಬಾಡಿ ಹುಟ್ಟಬಹುದು. ಆದ್ದರಿಂದ ಹೆರಿಗೆಗಳ ಕಾಲಂ ಖಾಲಿ ಬಿಡುವುದೂ ಸರಿಯಲ್ಲ.

ಐದರಲ್ಲಿ ಒಂದು

ಮಾರನೇ ದಿನ ಸಂಜೆ ಲ್ಯಾಬಿನಿಂದ ಫೋನ್ ಬಂತು. ಆ್ಯಂಟಿ ಜೆಕೆ-ಎ. ಆಕೆಯ ಸ್ಯಾಂಪಲ್ಲಿನಲ್ಲಿದ್ದ ಕಣಗಳಿಂದ ಬಿಡಿಸಿ ತೆಗೆದ ಆ್ಯಂಟಿಬಾಡಿಯೂ ಅದೇ. ಆಟೋಇಮ್ಯೂನ್ ಆಗಿದ್ದರೆ ಪ್ಯಾನೆಲ್‌ನ ಹೆಚ್ಚುಕಡಿಮೆ ಎಲ್ಲ ಕಣಗಳಿಗೂ ಅಂಟಬೇಕಿತ್ತು. ಇದು ಜೆಕೆ-ಎ ಇರುವ ಕಣಗಳಿಗೆ ಮಾತ್ರ ಅಂಟಿತ್ತು. ಸ್ಟೀರಾಯ್ಡ್ ಮಾತು ಅಲ್ಲಿಗೆ ಮುಗಿಯಿತು.

ಜೆಕೆ-ಎ ಅನ್ನುವುದು ಕಿಡ್ ಅನ್ನುವ ರಕ್ತ ಗುಂಪಿಗೆ ಸೇರಿದ್ದು. 1951ರಲ್ಲಿ ಇದರ ಆ್ಯಂಟಿಬಾಡಿಯನ್ನು ಮೊದಲು ಗುರುತಿಸಿದ್ದು ಒಬ್ಬ ತಾಯಿಯ ರಕ್ತದಲ್ಲೇ. ನಮಗೆಲ್ಲ ಗೊತ್ತಿರುವ ಎ, ಬಿ, ಒ ಮತ್ತು ಆರ್‌ಎಚ್ ಬಿಟ್ಟರೆ ಇನ್ನೂ ಹಲವಾರು ರಕ್ತ ಗುಂಪುಗಳಿವೆ, ಒಟ್ಟು 40ಕ್ಕೂ ಹೆಚ್ಚು. ಪ್ರತಿಯೊಂದನ್ನೂ ಹೊಂದಿಸಿ ರಕ್ತ ಕೊಡಲು ಆಗುವುದಿಲ್ಲ, ಅಗತ್ಯವೂ ಇಲ್ಲ. ಬಹುತೇಕರಿಗೆ ಏನೂ ಆಗುವುದಿಲ್ಲ.

ಕಿಡ್ ಆ್ಯಂಟಿಬಾಡಿಯದು ಮಾತ್ರ ಮೋಸದ ಗುಣ. ಹುಟ್ಟಿದ ಮೇಲೆ ಬೇಗ ಇಳಿದುಹೋಗುತ್ತದೆ, ಟೆಸ್ಟಿಗೆ ಸಿಗದಷ್ಟು. ಹನ್ನೊಂದು ವರ್ಷದ ಹಿಂದೆ ಈಕೆಯಲ್ಲಿ ಹುಟ್ಟಿದ್ದು ಹಾಗೇ ಮಾಯವಾಗಿತ್ತು. ಅದಕ್ಕೇ ಮೊದಲ ಮೂರು ಬ್ಯಾಗ್ ಚೆನ್ನಾಗಿಯೇ ಮ್ಯಾಚ್ ಆದವು. ಕ್ರಾಸ್ ಮ್ಯಾಚ್ ಮಾಡಿದವರ ತಪ್ಪಿಲ್ಲ. ಅವತ್ತು ಆ್ಯಂಟಿಬಾಡಿ ಸ್ಕ್ರೀನಿಂಗ್ ಮಾಡಿದ್ದರೂ ಬಹುಶಃ ನೆಗೆಟಿವ್ ಬರುತ್ತಿತ್ತು. ಆ ಬ್ಯಾಗ್‌ಗಳಲ್ಲಿದ್ದ ಜೆಕೆ-ಎ ಕಂಡ ಕೂಡಲೇ ಹಳೆಯ ನೆನಪು ಎದ್ದು, ಒಂದೇ ವಾರದಲ್ಲಿ ಆ್ಯಂಟಿಬಾಡಿ ಮತ್ತೆ ತುಂಬಿಕೊಂಡಿತು.

ಬೇರೆ ಇಟ್ಟಿದ್ದ ಐದು ಬ್ಯಾಗಿನ ತುಂಡುಗಳ ಫಲಿತಾಂಶವೂ ಅದೇ ಫೋನಿನಲ್ಲಿ ಬಂತು. ನಾಲ್ಕರಲ್ಲಿ ಜೆಕೆ-ಎ ಇಲ್ಲ. ಒಂದರಲ್ಲಿ ಇದೆ.

ಆ ಒಂದು ಬ್ಯಾಗ್ ನಮ್ಮ ಕ್ರಾಸ್ ಮ್ಯಾಚ್‌ನಲ್ಲಿ ಪೂರ್ತಿ ಕ್ಲೀನಾಗಿ ಬಂದಿತ್ತು. ಹೇಗೆ? ಅಪ್ಪ ಅಮ್ಮ ಇಬ್ಬರಿಂದಲೂ ಜೆಕೆ-ಎ ಪಡೆದವರ ಕಣಗಳ ಮೇಲೆ ಅದು ಎರಡು ಪಾಲು ಇರುತ್ತದೆ. ಒಬ್ಬರಿಂದ ಜೆಕೆ-ಎ, ಇನ್ನೊಬ್ಬರಿಂದ ಜೆಕೆ-ಬಿ ಪಡೆದವರಲ್ಲಿ ಒಂದೇ ಪಾಲು. ಕಿಡ್ ಆ್ಯಂಟಿಬಾಡಿ ಎರಡು ಪಾಲಿನ ಕಣಗಳಿಗೆ ಜೋರಾಗಿ ಅಂಟುತ್ತದೆ, ಒಂದು ಪಾಲಿನವಕ್ಕೆ ಕೆಲವೊಮ್ಮೆ ಟೆಸ್ಟಿನಲ್ಲಿ ಕಾಣದಷ್ಟು ಸಣ್ಣಗೆ. ಮೈಯೊಳಗೆ ಹೋದ ಮೇಲೆ ಆ ಕಣಗಳನ್ನೂ ಬಿಡುವುದಿಲ್ಲ. ಅಂದರೆ ಕಿಡ್ ಆ್ಯಂಟಿಬಾಡಿ ಇರುವ ರೋಗಿಗೆ ಕ್ರಾಸ್ ಮ್ಯಾಚ್ ಒಂದನ್ನೇ ನಂಬಿ ಬ್ಯಾಗ್ ಆರಿಸಬಾರದು. ಬ್ಯಾಗಿನ ಕಣಗಳನ್ನೇ ಜೆಕೆ-ಎ ಇದೆಯೋ ಇಲ್ಲವೋ ಅಂತ ಪರೀಕ್ಷಿಸಬೇಕು.

ಅವತ್ತು ರಾತ್ರಿ ಹಿಮೋಗ್ಲೋಬಿನ್ 4.4ಕ್ಕೆ ಇಳಿಯಿತು. ಬಾತ್‌ರೂಮಿಗೆ ನಡೆದು ಹೋದರೆ ಏದುಸಿರು ಬರತೊಡಗಿತು. ಗೆರೆ ದಾಟಿತ್ತು. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಸರಿಯಾದ ನಾಲ್ಕು ಬ್ಯಾಗ್ ಇದ್ದವು. ಒಂದನ್ನು ನಿಧಾನವಾಗಿ ಕೊಟ್ಟರು, ಮಾರನೇ ದಿನ ಇನ್ನೊಂದು. 6.3ಕ್ಕೆ ಏರಿತು, ಏರಿದ್ದು ನಿಂತಿತು. ಬಿಲಿರುಬಿನ್ ಇಳಿಯುತ್ತಾ ಬಂತು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೇಟಿನಿನ್ 1.4ರವರೆಗೆ ಹೋಗಿ ಮತ್ತೆ ಮೊದಲಿನಂತಾಯಿತು. ಫೋಲಿಕ್ ಆಸಿಡ್, ಕಬ್ಬಿಣದ ಮಾತ್ರೆ ಕೊಟ್ಟು ಒಂದು ವಾರದ ಮೇಲೆ ಮನೆಗೆ ಕಳಿಸಿದರು. ಈ ಸಲ ಮೂತ್ರದ ಬಣ್ಣದ ಮಾತನ್ನು ಗಂಡನಿಗೂ ಅತ್ತೆಗೂ ಕೂರಿಸಿ ಹೇಳಿಯೇ ಕಳಿಸಿದ್ದು.

ತಮ್ಮನ ರಕ್ತ

ಆಪರೇಷನ್ ಇನ್ನೂ ಬಾಕಿ ಇತ್ತು. ಅದಕ್ಕೆ ಜೆಕೆ-ಎ ಇಲ್ಲದ ರಕ್ತ ರೆಡಿ ಇರಬೇಕು. ನಾಲ್ವರು ದಾನಿಗಳಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ ಜೆಕೆ-ಎ ಇರುವುದಿಲ್ಲ. ಅಪರೂಪವಲ್ಲ, ಆದರೆ ಹುಡುಕಬೇಕು. ಅಣ್ಣತಮ್ಮಂದಿರಲ್ಲಿ ಹೊಂದುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು ಅಂತ ಆಕೆಯ ಅಣ್ಣ, ತಮ್ಮ ಇಬ್ಬರನ್ನೂ ಪರೀಕ್ಷಿಸಿದೆವು. ಡಬ್ಬಿ ಹಿಡಿದುಕೊಂಡು ಹೋಗಿದ್ದ ತಮ್ಮನದು ಬಿ ಪಾಸಿಟಿವ್, ಜೆಕೆ-ಎ ಇಲ್ಲ. ಮನೆಯವರಿಗೆ ಹಿಡಿಸಲಾರದ ಖುಷಿ. "ಹಾಗಾದ್ರೆ ನನ್ನದೇ ತಗೊಂಡು ಅಕ್ಕನಿಗೆ ಹಾಕಿ" ಅಂದರು.

ಇಲ್ಲಿ ಬೇಡ ಅನ್ನಬೇಕಾಯಿತು. ಒಡಹುಟ್ಟಿದವರ, ಮಕ್ಕಳ, ಅಪ್ಪ ಅಮ್ಮನ ರಕ್ತವನ್ನು ನೇರವಾಗಿ ಕೊಟ್ಟರೆ ಒಂದು ಅಪರೂಪದ, ಆದರೆ ಬಂದರೆ ಬಹುತೇಕ ಪ್ರಾಣವನ್ನೇ ತೆಗೆಯುವ ತೊಂದರೆ ಇದೆ. ದಾನಿಯ ಬಿಳಿ ಕಣಗಳನ್ನು ದೇಹ ತನ್ನವೇ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಅವು ಅಲ್ಲಿ ನೆಲೆಯೂರಿ ರೋಗಿಯ ದೇಹದ ಮೇಲೇ ತಿರುಗಿ ಬೀಳುತ್ತವೆ. ಇದನ್ನು ತಡೆಯಲು ಬ್ಯಾಗಿಗೆ ವಿಕಿರಣ ಹಾಯಿಸಬೇಕು. ಆ ಮಷಿನ್ ದೊಡ್ಡ ಕೇಂದ್ರಗಳಲ್ಲಿ ಮಾತ್ರ ಇದೆ. ‘ಸ್ವಂತದವರ ರಕ್ತವೇ ಒಳ್ಳೆಯದು’ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಇದನ್ನು ಪ್ರತಿ ಮನೆಯವರಿಗೂ ಬಿಡಿಸಿ ಹೇಳಬೇಕಾಗುತ್ತದೆ. ತಮ್ಮ ಅರ್ಥ ಮಾಡಿಕೊಂಡರು. ಬೇರೆಯವರಿಗಾಗಿ ರಕ್ತ ಕೊಟ್ಟರು, ಈಗಲೂ ಕೊಡುತ್ತಿದ್ದಾರೆ.

ಆಕೆಗೆ ಹೊರಗಿನ ದಾನಿಗಳದ್ದೇ ಎರಡು ಬ್ಯಾಗ್ ಹುಡುಕಿ ಇಟ್ಟೆವು. ಮಾತ್ರೆಗಳಿಂದ ಸ್ರಾವ ಹಿಡಿತದಲ್ಲಿತ್ತು, ಕಬ್ಬಿಣದಂಶದಿಂದ ಹಿಮೋಗ್ಲೋಬಿನ್ 10 ದಾಟಿತು. ಮೂರು ತಿಂಗಳ ಮೇಲೆ ಆಪರೇಷನ್ ಆಯಿತು. ಆ ಎರಡು ಬ್ಯಾಗ್ ಬೇಕಾಗಲೇ ಇಲ್ಲ. ಇಷ್ಟು ಸಮಯ ಇದೆ ಅಂತಾದರೆ, ಮೊದಲ ಸಲವೂ ಮೂರು ಬ್ಯಾಗ್ ಬೇಕಿತ್ತಾ ಅಂತ ಹೆಂಗಸರ ವಾರ್ಡಿನ ಡಾಕ್ಟರ್‌ಗಳ ಜೊತೆ ಕೂತು ಮಾತಾಡಿದೆವು. 5.4ರಲ್ಲಿ ಕುಸಿದು ಬಂದವರಿಗೆ ಒಂದು ಬ್ಯಾಗ್ ಬೇಕಿತ್ತು ಅನ್ನುವುದರಲ್ಲಿ ಅನುಮಾನ ಇಲ್ಲ. ಸ್ರಾವ ನಿಂತ ಮೇಲೆ ಉಳಿದದ್ದನ್ನು ಕಬ್ಬಿಣದ ಇಂಜೆಕ್ಷನ್‌ನಿಂದ ತುಂಬಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ಈಗ ಆ ವಾರ್ಡಿನಲ್ಲಿ ಒಂದು ಬ್ಯಾಗ್ ಕೊಟ್ಟು, ನೋಡಿ, ಆಮೇಲೆ ಮುಂದಿನದನ್ನು ಬರೆಯುತ್ತಾರೆ.

ಬದಲಾದದ್ದು, ಉಳಿದದ್ದು

ಪ್ರಕರಣವನ್ನು ಹಿಮೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಿದೆವು. ರಕ್ತದ ರಿಯಾಕ್ಷನ್‌ಗಳನ್ನು ದೇಶದ ಮಟ್ಟದಲ್ಲಿ ಒಂದೆಡೆ ಸೇರಿಸಲು ಇದು 2012ರ ಡಿಸೆಂಬರ್ 10ರಂದು ಶುರುವಾಯಿತು. ವರದಿ ಮಾಡಿದರೆ ತಮ್ಮ ಮೇಲೆ ಬರುತ್ತದೆ ಅನ್ನುವ ಭಯ ಇನ್ನೂ ಹಲವು ವಾರ್ಡ್‌ಗಳಲ್ಲಿದೆ. ಈ ಪ್ರಕರಣದಲ್ಲಿ ಹೊಣೆ ಹೊರಿಸಲು ಯಾರೂ ಇರಲಿಲ್ಲ, ಅದಕ್ಕೇ ವರದಿ ಮಾಡಲು ಎಲ್ಲರೂ ಸುಲಭವಾಗಿ ಒಪ್ಪಿದರು. ಯಾರದೋ ಕೈತಪ್ಪಿನಿಂದ ಆಗಿದ್ದಾಗಲೂ ಹೀಗೇ ಒಪ್ಪುವಂತಾಗಬೇಕು.

ನಮ್ಮ ರಿಕ್ವೆಸ್ಟ್ ಫಾರಂನಲ್ಲಿ ‘ಹಿಂದೆ ರಕ್ತ ಪಡೆದಿದ್ದಾರೆಯೇ’ ಕಾಲಂ ಖಾಲಿ ಇದ್ದರೆ ಈಗ ಬ್ಲಡ್ ಬ್ಯಾಂಕಿನಿಂದಲೇ ವಾರ್ಡಿಗೆ ಫೋನ್ ಹೋಗುತ್ತದೆ. ಪ್ರಾಣಾಪಾಯ ಇದ್ದಾಗ ಇದಕ್ಕಾಗಿ ರಕ್ತ ತಡೆಯುವುದಿಲ್ಲ. ಹೆಂಗಸರಿಗೆ, ಹಿಂದೆ ರಕ್ತ ಪಡೆದವರಿಗೆ ಆ್ಯಂಟಿಬಾಡಿ ಸ್ಕ್ರೀನಿಂಗ್ ಶುರುವಾಗಿದೆ. ಎಲ್ಲರಿಗೂ ಮಾಡುವಷ್ಟು ರೀಏಜೆಂಟ್ ಇನ್ನೂ ಸಿಗುತ್ತಿಲ್ಲ. ರಕ್ತ ಪಡೆದ ಎಲ್ಲರ ಡಿಸ್ಚಾರ್ಜ್ ಚೀಟಿಯಲ್ಲೂ ಎಷ್ಟು ಬ್ಯಾಗ್, ಯಾವ ದಿನ ಅನ್ನುವುದರ ಜೊತೆ, ಒಂದು ತಿಂಗಳು ಏನನ್ನು ಗಮನಿಸಬೇಕು ಅಂತ ಕನ್ನಡದಲ್ಲಿ ಮೂರು ಸಾಲು ಅಚ್ಚಾಗುತ್ತದೆ.

ಆಪರೇಷನ್‌ಗೆ ಮೊದಲು ಆಕೆಯ ಸ್ವಂತ ಕಣಗಳನ್ನು ಮತ್ತೆ ಪರೀಕ್ಷಿಸಿ, ಜೆಕೆ-ಎ ಇಲ್ಲ ಅಂತ ಖಚಿತಪಡಿಸಿಕೊಂಡಿದ್ದೆವು. ರಕ್ತ ಏರಿಸಿದ ಹೊಸತರಲ್ಲಿ ದಾನಿಯ ಕಣಗಳು ಬೆರೆತಿರುವುದರಿಂದ ಈ ಟೆಸ್ಟನ್ನು ಆಗಲೇ ನಂಬುವಂತಿರಲಿಲ್ಲ. ಆಮೇಲೆ ಆರು ತಿಂಗಳಿಗೆ ಕರೆದು ಆ್ಯಂಟಿಬಾಡಿ ಸ್ಕ್ರೀನಿಂಗ್ ಮತ್ತೆ ಮಾಡಿಸಿದೆವು. ನೆಗೆಟಿವ್ ಬಂತು. ನಾಳೆ ಆಕೆ ಬೇರೆ ಯಾವುದೋ ಊರಿನ ಆಸ್ಪತ್ರೆಗೆ ಹೋಗಿ, ಅಲ್ಲಿ ಅತ್ಯಂತ ಎಚ್ಚರದಿಂದ ಕ್ರಾಸ್ ಮ್ಯಾಚ್ ಮಾಡಿದರೂ, ಜೆಕೆ-ಎ ಇರುವ ಬ್ಯಾಗ್ ಮತ್ತೆ ಕ್ಲೀನಾಗಿ ಮ್ಯಾಚ್ ಆಗುತ್ತದೆ. ಒಂದು ಆಸ್ಪತ್ರೆಯ ಆ್ಯಂಟಿಬಾಡಿ ದಾಖಲೆ ಇನ್ನೊಂದಕ್ಕೆ ತಾನಾಗಿ ತಲುಪುವ ವ್ಯವಸ್ಥೆ ನಮಗೆ ಕೈಗೆಟುಕುವಂತಿಲ್ಲ. ಹಾಗಾಗಿ ಆಕೆಗೆ ಲ್ಯಾಮಿನೇಟ್ ಮಾಡಿದ ಕಾರ್ಡ್ ಕೊಟ್ಟಿದ್ದೇವೆ, ಒಂದು ಪ್ರತಿ ಗಂಡನ ಫೋನಿನಲ್ಲೂ ಇದೆ, ಇನ್ನೊಂದು ಅತ್ತೆಯ ಪ್ಲಾಸ್ಟಿಕ್ ಕವರಿನಲ್ಲಿ. ಗ್ರೂಪ್, ಆ್ಯಂಟಿಬಾಡಿಯ ಹೆಸರು, ಗುರುತಿಸಿದ ದಿನ, ನಮ್ಮ ಬ್ಲಡ್ ಬ್ಯಾಂಕಿನ ಫೋನ್ ನಂಬರ್. ಕೆಳಗೆ ದಪ್ಪ ಅಕ್ಷರದಲ್ಲಿ: ‘ಈಗಿನ ಟೆಸ್ಟಿನಲ್ಲಿ ಆ್ಯಂಟಿಬಾಡಿ ಕಾಣದಿದ್ದರೂ ಜೆಕೆ-ಎ ಇಲ್ಲದ ರಕ್ತವನ್ನೇ ಕೊಡಿ.’